ಒಂದೇ ವರದಿ ನಂಬಿ ಗರ್ಭ ಕಳೆಯಬೇಡಿ
ಮಗುವಿಗೆ ಹಾನಿ ಮಾಡಬಲ್ಲ ಸೋಂಕುಗಳನ್ನು ಹುಡುಕುವ ಟಾರ್ಚ್ ರಕ್ತಪರೀಕ್ಷೆಯ ವರದಿಯಲ್ಲಿ ಗರ್ಭಿಣಿಗೆ ‘ಐಜಿಎಂ ಪಾಸಿಟಿವ್’ ಎಂದು ಕಂಡರೆ ಮನೆಮಂದಿಯೆಲ್ಲ ಕುಸಿಯುತ್ತಾರೆ. ಗರ್ಭಪಾತದ ಮಾತೂ ಏಳುತ್ತದೆ. ಆದರೆ ಆ ಸೋಂಕುಗಳಲ್ಲೊಂದಾದ ಟೊಕ್ಸೊಪ್ಲಾಸ್ಮಾ ಪರಾವಲಂಬಿ ತಗುಲಿ ತಿಂಗಳುಗಳು, ಕೆಲವರಲ್ಲಿ ವರ್ಷವೇ ಕಳೆದರೂ ಹೊಸ ಸೋಂಕಿನ ಗುರುತೆಂದು ಭಾವಿಸುವ ಐಜಿಎಂ ಪ್ರತಿಕಾಯ ರಕ್ತದಲ್ಲಿ ಉಳಿಯಬಲ್ಲದು. ಸೋಂಕೇ ಇಲ್ಲದವರಲ್ಲೂ ಪರೀಕ್ಷಾ ಕಿಟ್ ಪಾಸಿಟಿವ್ ತೋರಿಸುವುದುಂಟು. ಈ ಕಿಟ್‌ಗಳ ಫಲಿತಾಂಶವೊಂದನ್ನೇ ನೆಚ್ಚಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲೇ ವೈದ್ಯರನ್ನು ಎಚ್ಚರಿಸಿತ್ತು. ಸೋಂಕು ಹಳೆಯದೇ ಎಂದು ತಿಳಿಯಲು ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಎಷ್ಟು ಬಿಗಿಯಾಗಿ ಅಂಟುತ್ತದೆಂದು ಅಳೆಯುವ ಅವಿಡಿಟಿ ಪರೀಕ್ಷೆಯಿದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಅವಿಡಿಟಿ ಹೆಚ್ಚಿದ್ದರೆ, ಸೋಂಕು ಬಸಿರಿಗೆ ಮೊದಲಿನದೆಂದೇ ಬಹುಮಟ್ಟಿಗೆ ಹೇಳಬಹುದು. ಇಷ್ಟಿದ್ದೂ ಲ್ಯಾಬ್‌ಗಳು ಬರೀ ಅಂಕಿ ಮುದ್ರಿಸಿ ಕೈಗಿಡುವುದು ತಪ್ಪು. ದೃಢೀಕರಣ ಪರೀಕ್ಷೆ ಬೇಕೆಂಬ ಸಾಲು ಪ್ರತಿ ವರದಿಯಲ್ಲೂ ಕನ್ನಡದಲ್ಲೇ ಇರಲಿ. ತಾಯಂದಿರೇ, ವೈದ್ಯರನ್ನು ಕೇಳಿ ಎರಡನೇ ಪರೀಕ್ಷೆ ಮಾಡಿಸಿ. ಅದರ ಫಲಿತಾಂಶ ಬರುವವರೆಗೆ ಗರ್ಭಪಾತಕ್ಕೆ ಒಪ್ಪಬೇಡಿ.