ಮೂಗರ್ಜಿಯ ಹೊಸ ವೇಷ

ಗ್ರಾಮ ಪಂಚಾಯಿತಿಯಿಂದ ಜಿಲ್ಲಾಧಿಕಾರಿಗಳ ಕಚೇರಿಯವರೆಗೆ ಮೂಗರ್ಜಿಯ ಪರಿಚಯವಿಲ್ಲದ ಜಾಗ ಮಲೆನಾಡಿನಲ್ಲಿಲ್ಲ. ಆದರೆ ಹಿಂದಿನ ಮೂಗರ್ಜಿಗೆ ಕೈಬರಹವಿತ್ತು, ಲಕೋಟೆಯ ಮೇಲೆ ಅಂಚೆಯ ಮುದ್ರೆಯಿತ್ತು. ಯಾವ ಊರಿನ ಡಬ್ಬಿಗೆ ಬಿದ್ದದ್ದೆಂದಾದರೂ ತಿಳಿಯುತ್ತಿತ್ತು. ಈಗ ಅದು ಇ-ಮೇಲ್ ರೂಪದಲ್ಲಿ ಬರುತ್ತದೆ. ಕಲ್ಲು ಕ್ವಾರಿಯ ಪರವಾನಗಿಯನ್ನು ಸಭೆಯಲ್ಲಿ ಪ್ರಶ್ನಿಸಿದ ರೈತನಿಗೋ, ಮಾಹಿತಿ ಹಕ್ಕಿನ ಅರ್ಜಿ ಹಾಕಿದ ವಿದ್ಯಾರ್ಥಿನಿಗೋ ಹೆಸರಿಲ್ಲದ ವಿಳಾಸದಿಂದ ದಿನವೂ ಬೈಗುಳ, ಬೆದರಿಕೆ ಬಂದರೆ ಮಾಡಬೇಕಾದುದೇನು?

ಇಂಥ ಪತ್ರಕ್ಕೆ ಎರಡು ಗುರಿಗಳಿರುತ್ತವೆ. ಒಂದು, ಪಡೆದವರ ಬಾಯಿ ಮುಚ್ಚಿಸುವುದು. ಇನ್ನೊಂದು, ಬರೆದವರು ಯಾರಿರಬಹುದೆಂಬ ಗುಮಾನಿಯಿಂದ ಊರನ್ನೇ ಒಡೆಯುವುದು. ಮೊದಲನೆಯದಕ್ಕೆ ಧೈರ್ಯ ಸಾಕು. ಎರಡನೆಯದಕ್ಕೆ ತಿಳುವಳಿಕೆಯೂ ಸಂಯಮವೂ ಬೇಕು.

ಇ-ಮೇಲ್‌ಗೂ ಅಂಚೆ ಮುದ್ರೆಗಳುಂಟು. ಪತ್ರದ ಹಿಂದೆ ಅಡಗಿರುವ ‘ಹೆಡರ್’ ಎಂಬ ಭಾಗದಲ್ಲಿ, ಅದು ಹಾದುಬಂದ ಪ್ರತಿಯೊಂದು ಸರ್ವರ್ ತನ್ನ ಹೆಸರನ್ನೂ ಸಮಯವನ್ನೂ ಹಳೆಯ ಸಾಲುಗಳ ಮೇಲೆ ಬರೆಯುತ್ತದೆ. ಆದ್ದರಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಆದರೆ ತಳದ ಸಾಲುಗಳನ್ನು ಕಳುಹಿಸಿದವನೇ ಸುಳ್ಳಾಗಿ ಸೇರಿಸಿರಬಹುದು. ಕಳುಹಿಸಿದವರ ವಿಳಾಸವನ್ನಂತೂ ಲಕೋಟೆಯ ಹಿಂದೆ ಬೇರೆಯವರ ಹೆಸರು ಬರೆದಷ್ಟೇ ಸುಲಭವಾಗಿ ತಿರುಚಬಹುದು. ಜಿಮೇಲ್‌ನ ಜಾಲತಾಣದಿಂದ ಕಳುಹಿಸಿದ ಪತ್ರದಲ್ಲಿ ಕಳುಹಿಸಿದವರ ಐಪಿ ಸಂಖ್ಯೆಯೇ ಕಾಣುವುದಿಲ್ಲ. ಅದು ಕಂಪನಿಯ ದಾಖಲೆಯಲ್ಲಿರುತ್ತದೆ. ಕಾನೂನಿನ ಮೂಲಕ ಕೇಳಿದ ತನಿಖಾಧಿಕಾರಿಗೆ ಮಾತ್ರ ಸಿಗುತ್ತದೆ.

ಐಪಿ ಸಂಖ್ಯೆ ಸಿಕ್ಕಿದರೂ ಮನುಷ್ಯ ಸಿಕ್ಕಿದಂತಲ್ಲ. ಇಂದು ಒಬ್ಬರಿಗೆ ಕೊಟ್ಟ ಸಂಖ್ಯೆ ನಾಳೆ ಇನ್ನೊಬ್ಬರಿಗೆ ಹೋಗುತ್ತದೆ. ಮೊಬೈಲ್ ಜಾಲದಲ್ಲಿ ಅನೇಕರು ಏಕಕಾಲದಲ್ಲಿ ಒಂದೇ ಸಂಖ್ಯೆಯನ್ನು ಬಳಸುತ್ತಾರೆ. ಹಾಸ್ಟೆಲಿನ ವೈಫೈ ನೂರು ಜನರದು. ಕಾಲುದಾರಿಯು ಒಂದು ಮನೆಯ ಅಂಗಳದಲ್ಲಿ ನಿಂತ ಮಾತ್ರಕ್ಕೆ ಅದರಲ್ಲಿ ನಡೆದವರು ಆ ಮನೆಯವರೇ ಎನ್ನಲಾಗದು.

ಈ ಅವಸರದ ಬೆಲೆಯನ್ನು ಬೆಂಗಳೂರಿನ ಒಬ್ಬ ತಂತ್ರಜ್ಞ ತೆತ್ತಿದ್ದಾನೆ. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದನೆಂದು ಪುಣೆಯ ಪೊಲೀಸರು 2007ರ ಆಗಸ್ಟ್‌ನಲ್ಲಿ ಆತನನ್ನು ಮನೆಯಿಂದ ಕರೆದೊಯ್ದರು. ಐಪಿ ಸಂಖ್ಯೆಯ ಬಗ್ಗೆ ಅಂತರ್ಜಾಲ ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ನಿರಪರಾಧಿ 50 ದಿನ ಸೆರೆಮನೆಯಲ್ಲಿ ಕಳೆದ. ಪೊಲೀಸರೂ ಕಂಪನಿಯೂ ಕೂಡಿ ಎಡವಿದ ದಾರಿಯಲ್ಲಿ, ಕಂಪ್ಯೂಟರ್ ಬಲ್ಲ ಊರ ಹುಡುಗನೊಬ್ಬನ ಊಹೆಯನ್ನು ನಂಬಿ ನೆರೆಯವನ ಮೇಲೆ ಬೆರಳು ಮಾಡುವುದು ಎಷ್ಟು ಸರಿ?

ಕಾನೂನು ಇಲ್ಲದಿಲ್ಲ. ಹೆಸರು ಮರೆಮಾಚಿ ಬೆದರಿಸುವುದನ್ನು 1860ರ ದಂಡ ಸಂಹಿತೆಯ 507ನೇ ಕಲಮೇ ಪ್ರತ್ಯೇಕ ಅಪರಾಧವೆಂದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351(4) ಅದನ್ನೇ ಮುಂದುವರಿಸಿದೆ. ಬೆದರಿಕೆಯ ಶಿಕ್ಷೆಯ ಜೊತೆಗೆ ಎರಡು ವರ್ಷದವರೆಗೆ ಹೆಚ್ಚಿನ ಸೆರೆವಾಸ ವಿಧಿಸಬಹುದು. ಆದರೆ ಕೇವಲ ಕಿರಿಕಿರಿಯುಂಟುಮಾಡುವ ಪತ್ರವನ್ನೂ ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಪರಿಸರ ಹೋರಾಟಗಾರರು ಅದಕ್ಕಾಗಿ ಮರುಗಬೇಕಾಗಿಲ್ಲ. ಕಡಿದ ಮರದ ಸುದ್ದಿಯನ್ನು ಹೆಸರು ಹೇಳದೆ ತಿಳಿಸುವವರೂ ಇದೇ ಬೆಟ್ಟಗಳಲ್ಲಿದ್ದಾರೆ. ಹೆಸರಿಲ್ಲದಿರುವುದು ತಪ್ಪಲ್ಲ, ಬೆದರಿಕೆ ತಪ್ಪು.

ಆದುದರಿಂದ ಪತ್ರ ಪಡೆದವರು ಉತ್ತರಿಸಬಾರದು, ಅಳಿಸಲೂಬಾರದು. ಮುದ್ರಿಸಿದ ಪ್ರತಿ ಸಾಲದು. ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದ ಪ್ರತಿಯಲ್ಲಿ ಮೂಲದ ಹೆಡರ್ ಉಳಿಯುವುದಿಲ್ಲ. ಮೂಲ ಪತ್ರವನ್ನು ಹೆಡರ್ ಸಹಿತ ಕಾದಿಟ್ಟು, ಬಂದ ದಿನಾಂಕ, ಸಮಯಗಳನ್ನು ಬರೆದಿಟ್ಟು, ಸೈಬರ್ ಅಪರಾಧ ಠಾಣೆಗೋ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೋ ಬೇಗ ದೂರು ಕೊಡಬೇಕು. ಕಂಪನಿಗಳು ತಮ್ಮ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಆದೇಶಿಸಿದೆ. ತಡಮಾಡಿದರೆ ಹೆಜ್ಜೆ ಗುರುತೇ ಅಳಿದುಹೋದೀತು. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು.

ಪತ್ತೆಕಾರ್ಯಕ್ಕೆ ತಿಂಗಳುಗಳೇ ಹಿಡಿಯಬಹುದು, ವಿಫಲವೂ ಆಗಬಹುದು. ಅಲ್ಲಿಯವರೆಗೆ ಪತ್ರ ಪಡೆದವರನ್ನು ಒಂಟಿಯಾಗಿ ಬಿಡದಿರುವುದು ಊರಿನ ಕರ್ತವ್ಯ. ಅವರು ಒಪ್ಪಿದರೆ, ಬೆದರಿಕೆ ಬಂದ ಸಂಗತಿಯನ್ನು ಯಾರನ್ನೂ ಹೆಸರಿಸದೆ ಗ್ರಾಮಸಭೆಯಲ್ಲಿ ಬಹಿರಂಗವಾಗಿ ಹೇಳಬೇಕು. ಕ್ವಾರಿಯ ಪರವಾನಗಿಯ ಪ್ರಶ್ನೆ ಅದೇ ಸಭೆಯಲ್ಲಿ ಮತ್ತೆ ಏಳಬೇಕು. ಈ ಸಲ ಒಬ್ಬರಿಂದಲ್ಲ, ಹತ್ತು ಜನರಿಂದ.