ಸ್ಕೂಲ್ ಅಂದ್ರ ಪುರುಸೊತ್ತು!



ನಾವು ದಿನಾ ಬಳಸುವ ಇಂಗ್ಲಿಷ್ ಶಬ್ದ ‘ಸ್ಕೂಲ್’. ಮನೆಯಲ್ಲಿ ನಾವು ‘ಸಾಲಿ’ ಅಂತೀವಿ. ಸಾಲಿ ಎಂಬುದು ಸಂಸ್ಕೃತದ ‘ಶಾಲಾ’ದಿಂದ ಬಂದದ್ದು. ಅದರ ಅರ್ಥ ಬರೀ ಮನೆ, ಕೋಣೆ. ಅದಕ್ಕೇ ಪಾಠಶಾಲೆ, ಗೋಶಾಲೆ, ಧರ್ಮಶಾಲೆ ಎಲ್ಲಾ ಇವೆ. ಸ್ಕೂಲ್, ಸಾಲಿ ಎರಡೂ ಕೇಳಾಕ ಒಂದೇ ನಮೂನಿ ಇದ್ದರೂ ಸಂಬಂಧವಿಲ್ಲ.

ಸ್ಕೂಲ್ ಶಬ್ದದ ಮೂಲ ಗ್ರೀಕ್ ಭಾಷೆಯ ‘ಸ್ಖೋಲೆ’. ಅದು ಲ್ಯಾಟಿನ್ನಿಗೆ ಹೋಗಿ ‘ಸ್ಕೋಲಾ’ ಆಯಿತು, ಆಮೇಲೆ ಇಂಗ್ಲಿಷಿಗೆ ಬಂತು. ಅದರ ಮೊದಲ ಅರ್ಥ ಪುಸ್ತಕವಲ್ಲ, ಪರೀಕ್ಷೆಯಲ್ಲ, ಬೆತ್ತವಂತೂ ಅಲ್ಲವೇ ಅಲ್ಲ. ಬಿಡುವು! ನಮ್ಮ ಮಾತಿನಲ್ಲಿ ಪುರುಸೊತ್ತು. ಬಿಡುವಿದ್ದಾಗ ಕೂತು ಚರ್ಚೆ ಮಾಡುವುದು, ಕಲಿಯುವುದು, ಕೊನೆಗೆ ಕಲಿಯುವ ಜಾಗ, ಹೀಗೆ ಅರ್ಥ ಬೆಳೆಯಿತು. ಮೀನಿನ ಹಿಂಡಿಗೂ ಇಂಗ್ಲಿಷಿನಲ್ಲಿ ಸ್ಕೂಲ್ ಅಂತಾರೆ. ಆದರೆ ಅದು ಡಚ್ ಭಾಷೆಯಿಂದ ಬಂದ ಬೇರೆ ಶಬ್ದ.

ಇದನ್ನು ತಿಳಿದಾಗ ನನಗೆ ನಗು ಬಂತು. ಹೋಂವರ್ಕ್ ಬರೆದು ಬರೆದು ನಮಗೆ ಪುರುಸೊತ್ತೇ ಇಲ್ಲ, ಇದೆಂಥಾ ಸ್ಕೂಲ್ ಅಂತ! ಆದರೆ ಮುಂದೆ ಇನ್ನೊಂದು ಸಂಗತಿ ತಿಳಿದು ನಗು ನಿಂತಿತು. ಗ್ರೀಕರಲ್ಲಿ ಎಲ್ಲರಿಗೂ ಬಿಡುವು ಇರಲಿಲ್ಲ. ದುಡಿಯಲು ಗುಲಾಮರಿದ್ದರು. ಹುಡುಗನನ್ನು ಶಾಲೆಗೆ ಕರಕೊಂಡು ಹೋಗುವ ಗುಲಾಮನಿಗೆ ‘ಪೈದಗೋಗೋಸ್’ ಎಂದು ಹೆಸರು. ಗುರುಗಳು ಟ್ರೇನಿಂಗಿನಲ್ಲಿ ಓದುವ ‘ಪೆಡಗಾಜಿ’ ಹುಟ್ಟಿದ್ದು ಅದೇ ಶಬ್ದದಿಂದ. ಶಾಲೆಗೆ ಕರೆತರುವುದು ಅವನ ಕೆಲಸ, ಕಲಿಯುವುದು ಹುಡುಗನ ಭಾಗ್ಯ.

ಆಗ ನನಗೆ ನಮ್ಮ ಅಕ್ಕ ನೆನಪಾದಳು. ನಾನು ಒಂದನೆತ್ತೆಯಲ್ಲಿದ್ದಾಗ ಅವಳು ನನ್ನ ಕೈ ಹಿಡಿದು ಸಾಲಿ ಬಾಗಿಲತನಕ ಬಿಟ್ಟು, ಅಲ್ಲಿಂದ ಹತ್ತಿಬೀಜದ ಹೊಲಕ್ಕೆ ಕ್ರಾಸಿಂಗ್ ಮಾಡಲು ಹೋಗುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಕೇಸರ ತೆಗೆಯುವುದು, ಮರುದಿನ ಮುಂಜಾನೆ ಗಂಡು ಹೂವಿನ ಪರಾಗ ಮುಟ್ಟಿಸುವುದು. “ಅಕ್ಕಾ, ನೀ ಯಾಕ ಒಳಗ ಬರವೊಲ್ಲಿ?” ಅಂದರೆ “ನನಗ ಪುರುಸೊತ್ತು ಎಲ್ಲೈತಿ? ನೀ ಕಲಿ” ಅನ್ನುತ್ತಿದ್ದಳು. ಅಂದರೆ ನನ್ನ ಪುರುಸೊತ್ತು ಅಕ್ಕ ಕೊಟ್ಟದ್ದು.

ಈಗಲೂ ಕುಷ್ಟಗಿ, ಯಲಬುರ್ಗಾ ಕಡೆ ಬೀಜದ ಹೊಲ, ಗಂಗಾವತಿ ಕಡೆ ಭತ್ತದ ನಾಟಿ ಅಂತ ಸುಗ್ಗಿ ಬಂದರೆ ತರಗತಿಯಲ್ಲಿ ಜಾಗ ಖಾಲಿಯಾಗುತ್ತವೆ. “ಮಕ್ಕಳ ಬೆರಳು ನಾಜೂಕು, ಮೊಗ್ಗು ಮುರಿಯುವುದಿಲ್ಲ” ಅಂತಾರೆ. ದೊಡ್ಡವರ ಬೆರಳಿಗೂ ಆ ಕೆಲಸ ಬರುತ್ತದೆ. ಮಕ್ಕಳ ಕೂಲಿ ಕಡಿಮೆ, ಅದೇ ಖರೆ ಕಾರಣ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದವರಿಗೆ ಶಿಕ್ಷಣ ಉಚಿತ ಮತ್ತು ಕಡ್ಡಾಯ. ಪುಸ್ತಕ, ಬಟ್ಟೆ, ಬಿಸಿಯೂಟ ಸರಕಾರ ಕೊಡುತ್ತದೆ. ಪುರುಸೊತ್ತು ಕೊಡಬೇಕಾದವರು ಮನೆಯವರು ಮತ್ತು ಹೊಲದವರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ದೊಡ್ಡವರಿಗೆ ಸರಿಯಾದ ಕೂಲಿ ಕೊಟ್ಟು ಅವರಿಂದಲೇ ಕೆಲಸ ಮಾಡಿಸಲಿ. ಗೈರುಹಾಜರಾದವರಿಗೆ ಗುರುಗಳು ಬೈಯುವ ಬದಲು ಅವರ ಮನೆಗೆ ಒಮ್ಮೆ ಹೋಗಿ ಬರಲಿ. ನಾವು ಗೆಳೆಯರು ತಪ್ಪಿಹೋದ ಪಾಠ ಹೇಳಿಕೊಡೋಣ. ಅಕ್ಕಂದಿರು ಬಾಗಿಲಲ್ಲೇ ನಿಲ್ಲದೆ ಒಳಗೆ ಬಂದರೆ ಮಾತ್ರ ಅದು ಸ್ಕೂಲ್.

ತಪ್ಪಿದ್ದರೆ ತಿದ್ದಿರಿ.

– 8ನೇ ತರಗತಿಯ ವಿದ್ಯಾರ್ಥಿನಿ