ಎಂಜಿನ್ನಿನ ಒಲೆ ಊದುವವರು ಯಾರು?

ಹಸಿ ಸೌದೆ ಹೊತ್ತಿಕೊಳ್ಳದಿದ್ದರೆ ಅಜ್ಜಿ ಊದುಗೊಳವೆ ಕೈಗೆತ್ತಿಕೊಳ್ಳುತ್ತಾರೆ. ನೂರಾರು ಟನ್ ಭಾರ ಎಳೆಯುತ್ತಿದ್ದ ಉಗಿ ಎಂಜಿನ್ನಿನ ಒಲೆಯನ್ನು ಊದುತ್ತಿದ್ದವರು ಯಾರು? ಉತ್ತರ ಅದರ ‘ಛುಕ್ ಛುಕ್’ ಸದ್ದಿನಲ್ಲೇ ಇದೆ.

ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲುಮಾರ್ಗ 1874ರಲ್ಲಿ ತೆರೆಯಿತು. ಅಂದಿನಿಂದ ದಶಕಗಳ ಕಾಲ ಈ ಭಾಗದ ಜನ ಕೇಳಿದ ಸದ್ದು ಅದು. ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಎಂಜಿನ್ನುಗಳ ನಿತ್ಯ ಓಡಾಟ 1995ರಲ್ಲಿ ಮುಗಿಯಿತು.

ಬೆಂಕಿ ಚೆನ್ನಾಗಿ ಉರಿಯಲು ಗಾಳಿಯ ಸೆಳೆತ ಬೇಕು. ಚಿಮಣಿ ಎತ್ತರವಾದಷ್ಟೂ ಸೆಳೆತ ಹೆಚ್ಚು. ಆದರೆ ಸೇತುವೆಗಳ ಕೆಳಗೆ ನುಸುಳಬೇಕಾದ ಎಂಜಿನ್ನಿಗೆ ಎತ್ತರದ ಚಿಮಣಿ ಎಲ್ಲಿಂದ ಬರಬೇಕು? ಇದಕ್ಕೊಂದು ಜಾಣ ಉಪಾಯವಿತ್ತು. ಪಿಸ್ಟನ್ನನ್ನು ತಳ್ಳಿ ಕೆಲಸ ಮುಗಿಸಿದ ಉಗಿಯನ್ನು ಕಿರಿದಾದ ಕೊಳವೆಯಿಂದ ಚಿಮಣಿಯೊಳಕ್ಕೆ ರಭಸದಿಂದ ಚಿಮ್ಮಿಸುತ್ತಿದ್ದರು. ಅದು ಎಂಜಿನ್ನಿನ ಮುಂಭಾಗದ ಹೊಗೆಪೆಟ್ಟಿಗೆಯಲ್ಲಿದ್ದ ಹೊಗೆಯನ್ನೂ ಎಳೆದೊಯ್ಯುತ್ತಿತ್ತು. ಆಗ ಪೆಟ್ಟಿಗೆಯಲ್ಲಿ ಒತ್ತಡ ತಗ್ಗಿ, ಬಾಯ್ಲರಿನ ನೀರಿನ ನಡುವೆ ಹಾದ ಕೊಳವೆಗಳ ಮೂಲಕ ಬೆಂಕಿಯ ಬಿಸಿ ಅನಿಲ ಮುಂದಕ್ಕೆ ನುಗ್ಗುತ್ತಿತ್ತು. ಹಿಂದಿನಿಂದ ಹೊಸ ಗಾಳಿ ಬೆಂಕಿಗೆ ಸೇರುತ್ತಿತ್ತು. 1829ರಲ್ಲಿ ಇಂಗ್ಲೆಂಡಿನಲ್ಲಿ ಸ್ಪರ್ಧೆ ಗೆದ್ದ ಸ್ಟೀಫನ್‌ಸನ್ನರ ‘ರಾಕೆಟ್’ ಎಂಜಿನ್ನಿನಲ್ಲಿಯೂ ಈ ಏರ್ಪಾಡಿತ್ತು.

ಇದರ ಸೊಗಸು ಇಷ್ಟೆ: ಏರುದಾರಿಯಲ್ಲಿ ಡ್ರೈವರ್ ಹೆಚ್ಚು ಉಗಿ ಬಿಟ್ಟಾಗ ಚಿಮಣಿಗೆ ಹೋಗುವ ಉಗಿಯೂ ಹೆಚ್ಚು, ಬೆಂಕಿಯೂ ಹೆಚ್ಚು. ದುಡಿದಷ್ಟೂ ಒಲೆ ತಾನೇ ಊದಿಕೊಳ್ಳುತ್ತಿತ್ತು!

ಎರಡು ಸಿಲಿಂಡರುಗಳಲ್ಲಿ ಪಿಸ್ಟನ್ನಿನ ಎರಡೂ ಬದಿಗೆ ಸರದಿಯಂತೆ ಉಗಿ ಬರುವುದರಿಂದ ಚಕ್ರದ ಒಂದು ಸುತ್ತಿಗೆ ನಾಲ್ಕು ‘ಛುಕ್’. 1950ರಿಂದ ಚಿತ್ತರಂಜನ್‌ನಲ್ಲಿ ತಯಾರಾದ ಡಬ್ಲ್ಯುಜಿ ಎಂಜಿನ್ನಿನ ದೊಡ್ಡ ಚಕ್ರದ ಸುತ್ತಳತೆ ಸುಮಾರು 5 ಮೀಟರ್. ಹತ್ತು ಸೆಕೆಂಡಿನಲ್ಲಿ 40 ‘ಛುಕ್’ ಕೇಳಿದರೆ ಅದರ ವೇಗವೆಷ್ಟು? 10 ಸುತ್ತು, 50 ಮೀಟರ್. ಅಂದರೆ ಗಂಟೆಗೆ 18 ಕಿಲೋಮೀಟರ್.

ಆದರೆ ಉಗಿ ನಿಂತರೆ ಸೆಳೆತವೂ ನಿಲ್ಲುತ್ತದೆ. ಆಗ ಬೆಂಕಿಯ ನಾಲಗೆ ಒಲೆಯ ಬಾಗಿಲಿನಿಂದ ಹಿಂದಕ್ಕೆ ಚಾಚಿ, ಕಲ್ಲಿದ್ದಲು ಹಾಕುವ ಫೈರ್‌ಮನ್ನನ ಮೈ ಸುಡಬಹುದು. ಆದ್ದರಿಂದಲೇ ಡ್ರೈವರ್ ಮುಖ್ಯ ಉಗಿ ಮುಚ್ಚುವ ಮೊದಲು ‘ಬ್ಲೋವರ್’ ತಿರುಗಿಸಿ, ಬಾಯ್ಲರಿನಿಂದ ನೇರವಾಗಿ ಸ್ವಲ್ಪ ಉಗಿಯನ್ನು ಚಿಮಣಿಗೆ ಬಿಡಬೇಕಿತ್ತು. ಈ ಒಂದು ಮರೆವಿಗೆ ಜೀವವೇ ಬೆಲೆ.

ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲೂ ಬಂಡಿ ಎಳೆಯಲು ಸಿಗುತ್ತಿರಲಿಲ್ಲ ಎಂಬುದು ನಿಜ. ಆದರೂ ಹೊರಗೆ ಬಿಸಾಡಬೇಕಾದ ಉಗಿಯಿಂದಲೇ ಮತ್ತೊಂದು ಕೆಲಸ ತೆಗೆದ ಜಾಣ್ಮೆ ಸಣ್ಣದಲ್ಲ. ಮನೆಯಲ್ಲಿ ಉಗಿಬಂಡಿಯಲ್ಲಿ ಓಡಾಡಿದ ಹಿರಿಯರಿದ್ದರೆ, ಏರಿನಲ್ಲಿ ಆ ಸದ್ದು ಹೇಗಿತ್ತೆಂದು ಕೇಳಿ ನೋಡಿ.